ರಜಿಯಾ ಅಳು ನಿಲ್ಲಿಸಿದ ಭಾನುವಾರ

ಈಚೆಗೆ ಒಂದು ದಿನ ಅವ್ವ ಟ್ರಂಕಿನ ತಳದಿಂದ ನನ್ನ ಓವರ್‌ಕೋಟು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದಳು. ಯಲಬುರ್ಗಾದ ಬಿಸಿಲಿಗೂ ಓವರ್‌ಕೋಟಿಗೂ ಏನು ಸಂಬಂಧ ಎಂದು ನೀವು ನಗಬಹುದು. ಪಕ್ಕದ ಮನೆಯವರೂ ನಕ್ಕರು. ಒಣಗಿದ ಬಟ್ಟೆ ತರಲು ಹೋದ ನಾನು ಅದನ್ನೂ ತೋಳಿನ ಮೇಲೆ ಹಾಕಿಕೊಂಡೆ. ಮೊದಲು ಡಾಂಬರು ಗುಳಿಗೆಯ ಘಾಟು ಬಂತು. ಅದರ ಅಡಿಯಿಂದ ಇನ್ನೊಂದು ವಾಸನೆ ನಿಧಾನವಾಗಿ ಎದ್ದಿತು. ಹಸಿ ಉಣ್ಣೆ, ಕಾಯ್ದ ಕಬ್ಬಿಣ, ನೆಲದಡಿಯ ರೈಲು ನಿಲ್ದಾಣದಲ್ಲಿ ಬೇಯುವ ಬ್ರೆಡ್ಡು, ಎಲ್ಲ ಕಲೆತ ಒಂದು ವಾಸನೆ. ಬರ್ಲಿನ್ ಊರಿನದು. ಇಷ್ಟು ವರ್ಷ ಟ್ರಂಕಿನಲ್ಲಿ ಉಸಿರು ಹಿಡಿದುಕೊಂಡು ಕುಳಿತಿತ್ತೇನೋ. ನಾನು ಬಟ್ಟೆಗಳ ಸಮೇತ ಮಾಳಿಗೆಯ ಕಾದ ನೆಲದ ಮೇಲೆ ಕುಳಿತುಬಿಟ್ಟೆ.

ಆ ಕೋಟಿನದೇ ಒಂದು ಕತೆ. ನಾನು ಅಂತರ್ಜಲದ ವಿಷಯದಲ್ಲಿ ಎಂ.ಎಸ್ಸಿ. ಓದಲು ಜರ್ಮನಿಗೆ ಹೋಗುವುದು ಗಟ್ಟಿಯಾದಾಗ ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದರು. ಸುಡುವ ಬೇಸಿಗೆ. ಅಂಗಡಿಯವರು ಅಟ್ಟದಿಂದ ದೂಳು ಜಾಡಿಸಿ ಕೋಟು ಇಳಿಸಿದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಯಾವುದನ್ನೂ ಪರಿಶೀಲಿಸದೆ ಒಪ್ಪಿಕೊಳ್ಳುವ ರೂಢಿಯಿಲ್ಲ. ಗುಂಡಿಯೆಲ್ಲ ಹಾಕಿಸಿ, ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ನನ್ನ ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅದನ್ನು ನೋಡಿ ಅವರಿಗೆ ಸಮಾಧಾನವಾಯಿತು. "ಇದರಾಗ ಥಂಡಿ ಹೊಕ್ಕಂಗಿಲ್ಲ ಬಿಡು," ಎಂದರು. ಅಲ್ಲಿಯ ಮೊದಲ ಚಳಿಗಾಲದಲ್ಲಿ ಥಂಡಿ ಅದರೊಳಗೆ ತನ್ನ ಸ್ವಂತ ಮನೆಗೆ ಬಂದ ಹಾಗೆ ಹೊಕ್ಕಿತು. ಅಪ್ಪನಿಗೆ ಅದನ್ನು ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಸಂಗತಿಗಳ ಸಾಲಿನಲ್ಲಿ ಅದೇ ಮೊದಲನೆಯದು ಇರಬೇಕು.

ಊರಿಗೆ ಊರೇ ನನ್ನನ್ನು ಕಳಿಸಿಕೊಟ್ಟಿತ್ತು. ಬಸ್‌ಸ್ಟ್ಯಾಂಡಿನ ಎದುರು ನನ್ನ ಫೋಟೊ ಇರುವ ಫ್ಲೆಕ್ಸು ಹಾಕಿದ್ದರು. ಕಾಲೇಜಿನ ಗುರುತಿನ ಚೀಟಿಯ ಫೋಟೊ ಅದು. ಎಳೆದು ದೊಡ್ಡದು ಮಾಡಿದ್ದರಿಂದ ನನ್ನ ಮುಖ ನೀರಿನಲ್ಲಿ ನೆಂದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಆದರೂ ಬಸ್ಸು ಹೊರಡುವವರೆಗೆ ಕಿಟಕಿಯಿಂದ ಕದ್ದು ಕದ್ದು ಅದನ್ನೇ ನೋಡಿದೆ.

ಆಮೇಲೆ ಬರ್ಲಿನ್. ದೊಡ್ಡ ಊರು ಎಂದರೆ ಗದ್ದಲ ಎಂದುಕೊಂಡಿದ್ದೆ. ಕೊಪ್ಪಳಕ್ಕಿಂತ ಹುಬ್ಬಳ್ಳಿ, ಹುಬ್ಬಳ್ಳಿಗಿಂತ ಬೆಂಗಳೂರು ಗದ್ದಲ, ಆ ಲೆಕ್ಕದಲ್ಲಿ ಬರ್ಲಿನ್ ಇನ್ನೂ ಜೋರಿರಬೇಕಲ್ಲ? ಅಲ್ಲಿ ನನ್ನನ್ನು ಮುರಿದದ್ದು ಮೌನ. ರೈಲಿನ ತುಂಬ ಜನ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೆಟ್ಟಿಲಲ್ಲಿ ಎದುರಾದವರು ಒಂದು ಶಬ್ದ ಆಡಿ ಹೋಗುತ್ತಾರೆ. ಆ ಶಬ್ದಕ್ಕೆ ಉತ್ತರ ಕಟ್ಟುವಷ್ಟರಲ್ಲಿ ಅವರ ಬಾಗಿಲು ಮುಚ್ಚಿರುತ್ತದೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಅಂದು ಗೋಡೆಗೆ ಮೊಳೆ ಹೊಡೆಯಬಾರದು, ಗದ್ದಲ ಮಾಡಬಾರದು. ಇಡೀ ಊರು ಪರೀಕ್ಷೆ ಬರೆಯುತ್ತಿದೆಯೇನೋ ಅನ್ನಿಸುತ್ತದೆ. ಶುಕ್ರವಾರ ಸಂಜೆ ಕೋಣೆ ಸೇರಿದವಳು ಸೋಮವಾರ ತರಗತಿಯಲ್ಲಿ ಹೆಸರು ಹೇಳಲು ಬಾಯಿ ತೆರೆದರೆ ದನಿಯ ಬದಲು ಗಾಳಿ ಬಂದದ್ದುಂಟು.

ಕೋಣೆಯೂ ನನ್ನದಾಗಿರಲಿಲ್ಲ. ಬಾಡಿಗೆಗೆ ಇದ್ದವರೊಬ್ಬರು ತಮ್ಮ ಕೋಣೆಯನ್ನು ಮಾಲೀಕರಿಗೆ ತಿಳಿಸದೆ, ಸದ್ದಿಲ್ಲದೆ ನನಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಮನೆಗೆ ನಂಬರು ಮುಖ್ಯವಲ್ಲ, ಕೆಳಗಿನ ಬಾಗಿಲಿನ ಕರೆಗಂಟೆಯ ಪಕ್ಕ ಹೆಸರು ಇರಬೇಕು. ನನ್ನ ಹೆಸರು ಹಾಕುವಂತಿರಲಿಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಬಟ್ಟೆಯಲ್ಲಿ ಹೊಲಿದು ಅಂಚೆಗೆ ಹಾಕಿದ್ದಳು. ಅಂಚೆಯವರು ಬಂದು ಹೆಸರು ಹುಡುಕಿದರು, ಇಲ್ಲ, ಹೋದರು. ಗಂಟು ಎಲ್ಲೆಲ್ಲೋ ಸುತ್ತಿ ಯಲಬುರ್ಗಾಕ್ಕೇ ಮರಳಿತು. ರೊಟ್ಟಿ ಕೆಟ್ಟಿರಲಿಲ್ಲವಂತೆ. ಅಪ್ಪ ಮೊಸರು ಹಾಕಿಕೊಂಡು ತಿಂದರಂತೆ. ಫೋನಿನಲ್ಲಿ ಅವ್ವ ಇದನ್ನು ಹೇಳಿದಾಗ ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ನನಗೆ ನಗುವಿನ ಅರ್ಥ ಬೇರೆಯಾಗಿ ತಿಳಿಯಿತು. ರೊಟ್ಟಿಗೂ ಸಿಗದಂಥ ಜಾಗದಲ್ಲಿದ್ದೆ ನಾನು.

ಹೀಗಿರುವಾಗ ರಜಿಯಾ ಸಿಕ್ಕಳು. ಸಿಕ್ಕಳು ಎನ್ನುವುದಕ್ಕಿಂತ ನಾನೇ ಬೆನ್ನು ಹತ್ತಿದೆ ಎನ್ನಬೇಕು. ರೈಲಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಆಚೆ ಯಾರೋ ಹುಡುಗಿ ಫೋನಿನಲ್ಲಿ, "ಇಲ್ಲೆ ಭಾಳ ಥಂಡಿ ಐತಿ, ಮಂದಿನೂ ಥಂಡಿ ಅದಾರ," ಎಂದಳು. ತಲೆಗೆ ಸ್ಕಾರ್ಫು ಸುತ್ತಿದ ಸಣ್ಣ ಹುಡುಗಿ. ನನ್ನ ನಿಲ್ದಾಣ ಬಂತು, ಇಳಿಯಲಿಲ್ಲ. ಅವಳು ಇಳಿದಲ್ಲಿ ಇಳಿದೆ. ಮೆಟ್ಟಿಲು ಹತ್ತಿದಳು, ಹತ್ತಿದೆ. ರಸ್ತೆಯ ತಿರುವಿನಲ್ಲಿ ಅವಳು ಗಕ್ಕನೆ ನಿಂತು, ಏನು ಬೇಕು ಎಂದು ಇಂಗ್ಲಿಷಿನಲ್ಲಿ ಗದರಿಸಿದಳು. ಕಳ್ಳಿಯಂತೆ ಸಿಕ್ಕಿಬಿದ್ದ ನಾನು, "ಏನಿಲ್ರಿ, ನಿಮ್ಮ ಮಾತು ಕೇಳಾಕ ಬಂದೆ," ಎಂದೆ. ಅವಳು ನನ್ನನ್ನೂ ನನ್ನ ಕೋಟನ್ನೂ ಮೇಲಿನಿಂದ ಕೆಳಗೆ ನೋಡಿದಳು. ಗಂಗಾವತಿಯವಳಂತೆ. ನಾನು ಯಲಬುರ್ಗಾ ಎಂದಾಗ, ತನ್ನ ಅಬ್ಬಾ ಅಲ್ಲಿಯ ಸಂತೆಗೆ ಹೊಲಿದ ಲಂಗ, ಜಂಪರು ಹೊತ್ತು ಬರುತ್ತಿದ್ದರು ಎಂದಳು. ಇಬ್ಬರೂ ಊರಲ್ಲೇ ಇದ್ದಿದ್ದರೆ ಒಬ್ಬರ ಮನೆಯ ಅಡುಗೆಕೋಣೆಯನ್ನು ಇನ್ನೊಬ್ಬರು ನೋಡುವ ಪ್ರಸಂಗ ಬರುತ್ತಿತ್ತೋ ಇಲ್ಲವೋ. ಅಲ್ಲಿ ಕೆಲವೇ ವಾರಗಳಲ್ಲಿ ಒಂದೇ ಕೋಣೆಯಲ್ಲಿ, ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಇರತೊಡಗಿದೆವು.

ರಜಿಯಾ ನನಗಿಂತ ಒಂದು ವರ್ಷ ಮೊದಲು ಬಂದವಳು. ಜೀವರಸಾಯನದ ವಿದ್ಯಾರ್ಥಿನಿ. ಬೆಳಗ್ಗೆ ಕಾಲೇಜು, ಆಮೇಲೆ ರೈಲು ನಿಲ್ದಾಣದ ಬೇಕರಿಯೊಂದರಲ್ಲಿ ಕೆಲಸ. ಬ್ರೆಡ್ಡು ಮಾರುವಷ್ಟು ಜರ್ಮನ್ ಕಲಿತಿದ್ದಳು. ಯಾವ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಕಿಟಕಿಯ ಸಂದಿಗೆ ಏನು ತುರುಕಿದರೆ ಗಾಳಿ ಬರುವುದಿಲ್ಲ, ಅಳು ಬಂದರೆ ಎಷ್ಟು ಹೊತ್ತು ನಡೆದರೆ ಕಡಿಮೆಯಾಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಅವಳ ಅಬ್ಬಾ ಹೊಲಿಗೆಯವರು. ಅಮ್ಮ ಹಸೀನಾಬಿ ಬಳೆ ವ್ಯಾಪಾರದವರು. ಅಬ್ಬಾ ದಿನಾಲೂ ಮಷಿನ್ ತುಳಿಯುತ್ತಲೇ ಫೋನು ಮಾಡುತ್ತಿದ್ದರು. ಗಡಗಡ ಶಬ್ದದಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಆದರೂ ರಜಿಯಾ ಮಷಿನ್ ನಿಲ್ಲಿಸಿ ಎಂದು ಒಮ್ಮೆಯೂ ಹೇಳಿದವಳಲ್ಲ.

ಚಳಿಗಾಲ ನಡುವಿಗೆ ಬಂದಿತ್ತು. ಒಂದು ಭಾನುವಾರ ಬೆಳಗ್ಗೆ ಅವಳ ಚಿಕ್ಕಪ್ಪನ ಮಗನ ಫೋನು ಬಂತು. ಅಬ್ಬಾ ನಮಾಜಿಗೆ ಎದ್ದವರು ಕುಸಿದರಂತೆ, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತಂತೆ. ಅಂದೇ ಮಣ್ಣು ಮಾಡುತ್ತಾರೆ. ಎಷ್ಟು ದೊಡ್ಡ ವಿಮಾನ ಹತ್ತಿದರೂ ಮುಟ್ಟಲು ಸಾಧ್ಯವಿರಲಿಲ್ಲ. ಮೇಲಾಗಿ ಅವಳ ವೀಸಾ ನವೀಕರಣಕ್ಕೆ ಹೋಗಿತ್ತು, ಈಗ ಹೊರಟರೆ ಮರಳಿ ಬರುವ ಭರವಸೆಯಿಲ್ಲ. ಹಸೀನಾಬಿ ಫೋನು ಇಸಿದುಕೊಂಡು, ಬರಬೇಡ, ಅಬ್ಬಾನ ಆಸೆ ಮುಗಿಸಿಕೊಂಡೇ ಬಾ ಎಂದರು. ದನಿ ಗಟ್ಟಿಯಾಗಿತ್ತು. ಆ ಗಟ್ಟಿತನ ಎಲ್ಲಿಂದ ತಂದರೋ.

ಆಮೇಲೆ ವಿಡಿಯೊದಲ್ಲಿ ನೋಡಿದೆವು. ಮಂಚದ ತುದಿಯಲ್ಲಿ ಗೋಡೆಗೆ ಫೋನು ಆನಿಸಿ ಇಬ್ಬರೂ ಒಂದೇ ಕಂಬಳಿಯಲ್ಲಿ ಕುಳಿತಿದ್ದೆವು. ಗಂಗಾವತಿಯ ಅಂಗಳ, ಬಿಸಿಲು, ಬಿಳಿ ಟೊಪ್ಪಿಗೆಗಳು, ಯಾರದೋ ಬೆನ್ನು. ಕೊನೆಯ ಸಲ ಮುಖ ತೋರಿಸಲು ಬಟ್ಟೆ ಸರಿಸಿದರು. ಅದೇ ಗಳಿಗೆಗೆ ನೆಟ್‌ವರ್ಕ್ ಹೋಯಿತು. ಚಿತ್ರ ಚೌಕ ಚೌಕವಾಗಿ ಒಡೆದು ಒಂದು ಬಿಳಿಯ ಕಲೆ ನಿಂತುಬಿಟ್ಟಿತು. ಮತ್ತೆ ಹತ್ತುವಷ್ಟರಲ್ಲಿ ಗಂಡಸರು ಜನಾಜಾ ಹೆಗಲಿಗೇರಿಸಿ ಬಾಗಿಲು ದಾಟಿದ್ದರು.

ರಜಿಯಾ ಆಗ ಅತ್ತಳು. ಅಂಥ ಅಳು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹೊಟ್ಟೆಯ ತಳದಿಂದ ಎಳೆದು ತಂದು, ಗೋಡೆಗೆ ಒಗೆದ ಹಾಗೆ. ನಾನು ಅವಳನ್ನು ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನಲ್ಲೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೆಳಗಿನ ಮನೆಯ ಮುದುಕಿ, ಮನೆಯಂಗಿಯ ಮೇಲೆ ಶಾಲು ಹೊದ್ದವರು. ಅವರು ಏನೋ ಹೇಳಿದರು. ಕೋಪದಿಂದಲ್ಲ, ಬೇಸತ್ತ ದನಿಯಲ್ಲಿ. ನನಗೆ ಅದರಲ್ಲಿ ತಿಳಿದದ್ದು ಭಾನುವಾರ ಎಂಬ ಒಂದೇ ಪದ. ಅಷ್ಟರಲ್ಲಿ ರಜಿಯಾ ನನ್ನ ಹಿಂದೆ ಬಂದು ನಿಂತಿದ್ದಳು. ಮುಖ ಒರೆಸಿಕೊಂಡು, ಬೇಕರಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲಿ, "ಎಂಟ್‌ಶುಲ್ಡಿಗುಂಗ್," ಎಂದಳು. ಕ್ಷಮಿಸಿ ಎಂದು ಅದರ ಅರ್ಥ. ಆ ಊರಿಗೆ ಹೋದವರು ಮೊದಲು ಕಲಿಯುವ ಪದ. ಮುದುಕಿ ತಲೆಯಾಡಿಸಿ, ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಹೋದರು.

ನೀವು ಆ ಮುದುಕಿಯನ್ನು ಬಯ್ಯಬೇಡಿ. ನಾನೂ ಬಹಳ ದಿನ ಬಯ್ದುಕೊಂಡು ಆಮೇಲೆ ಬಿಟ್ಟೆ. ರಜಿಯಾಳ ಅಬ್ಬಾ ಸತ್ತಿದ್ದಾರೆ ಎಂದು ತಿಳಿದಿದ್ದರೆ ಅವರು ಒಳಗೆ ಬಂದು ಕೂರುತ್ತಿದ್ದರೇನೋ. ಅದನ್ನು ಹೇಳುವ ಭಾಷೆ ನನ್ನ ಬಳಿ ಇರಲಿಲ್ಲ. ರಜಿಯಾಳ ಬಳಿ ಇತ್ತಾದರೂ ಆ ಗಳಿಗೆಗೆ ನಾಲಿಗೆಗೆ ಬಂದದ್ದು ಅದೊಂದೇ ಪದ. ತಂದೆ ಸತ್ತದ್ದಕ್ಕೆ ಮಗಳು ಪರರ ಕ್ಷಮೆ ಕೇಳಿದ ಹಾಗಾಯಿತು.

ಅಲ್ಲಿಗೆ ಅವಳ ಅಳು ನಿಂತಿತು. ಆಮೇಲೆ ನಾನು ಅವಳು ಅತ್ತದ್ದನ್ನು ನೋಡಲೇ ಇಲ್ಲ. ಆ ರೈಲು ನಿಲ್ದಾಣದ ಬೇಕರಿಗೆ ಭಾನುವಾರವೂ ರಜೆಯಿಲ್ಲ. ಮಧ್ಯಾಹ್ನ ಎದ್ದು ಸ್ಕಾರ್ಫು ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಬೇಡ ಎಂದೆ. "ಇಲ್ಲೆ ಕುಂತು ಏನ ಮಾಡ್ಲಿ?" ಎಂದಳು. 

ವಿಚಿತ್ರ ನೋಡಿ, ಸಾವು ಬಂದದ್ದು ಅವಳ ಮನೆಗೆ, ಕುಸಿದದ್ದು ನಾನು. ಅವಳು ಎಂದಿನಂತೆ ಏಳುತ್ತಿದ್ದಳು, ಓದುತ್ತಿದ್ದಳು, ಬ್ರೆಡ್ಡು ಮಾರುತ್ತಿದ್ದಳು. ನಾನು ಮಾತ್ರ ಫೋನು ರಿಂಗಾದರೆ ಅದನ್ನು ಬೋರಲು ಹಾಕಿ ಇಡುತ್ತಿದ್ದೆ. ಅಪ್ಪ ವಿಡಿಯೊದಲ್ಲಿ ಕೆಮ್ಮಿದರೆ ಆ ವಾರವೆಲ್ಲ ನಿದ್ದೆಯಿಲ್ಲ. ಬೇಸಿಗೆ ಹೇಗೋ ಕಳೆಯಿತು. ಎರಡನೆಯ ಚಳಿಗಾಲಕ್ಕೆ ತರಗತಿಗೆ ಹೋಗುವುದನ್ನೇ ಬಿಟ್ಟೆ. ಆ ಊರನ್ನು ಸುತ್ತು ಹಾಕುವ ಒಂದು ರೈಲಿದೆ. ಹತ್ತಿದ ನಿಲ್ದಾಣಕ್ಕೇ ಮತ್ತೆ ತಂದು ಬಿಡುತ್ತದೆ, ಇಳಿಯದಿದ್ದರೆ ಮತ್ತೊಂದು ಸುತ್ತು. ವಿದ್ಯಾರ್ಥಿಗಳ ಪಾಸಿನಲ್ಲಿ ಎಷ್ಟು ಸುತ್ತಿದರೂ ಕೇಳುವವರಿಲ್ಲ. ಒಳಗೆ ಬೆಚ್ಚಗಿರುತ್ತದೆ. ಅದರಲ್ಲಿ ಕಿಟಕಿಗೆ ತಲೆ ಆನಿಸಿ ದಿನಗಟ್ಟಲೆ ಕುಳಿತೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗಿ ಗಾಜಿನಲ್ಲಿ ನನ್ನ ಮುಖವೇ ಮೂಡುತ್ತಿತ್ತು. ಈ ಮುಖವನ್ನು ಯಾರೋ ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿದ್ದರು ಎಂಬುದು ನೆನಪಾಗಿ ಗಾಜಿನ ಮೇಲೆ ಉಸಿರು ಬಿಟ್ಟು ಅದನ್ನು ಮಸುಕು ಮಾಡುತ್ತಿದ್ದೆ. ಇಳಿಯುವಾಗ ಹಳಿಗಳ ಕಡೆ ಹೆಚ್ಚು ಹೊತ್ತು ನೋಡುತ್ತೇನೆ ಎನ್ನುವುದು ನನಗೇ ಗೊತ್ತಾಗತೊಡಗಿತ್ತು.

ರಜಿಯಾಳಿಗೂ ಗೊತ್ತಾಗಿತ್ತು. ಒಂದು ದಿನ ಅದೇ ರೈಲಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಪಕ್ಕದಲ್ಲಿ ಕುಳಿತಳು. ಬಯ್ಯಲಿಲ್ಲ. ಒಂದಿಡೀ ಸುತ್ತು ಸುಮ್ಮನೆ ನನ್ನ ಜೊತೆ ಬಂದಳು. ಆಮೇಲೆ ನನ್ನ ಕೈ ತನ್ನ ಜೇಬಿನೊಳಗೆ ಇಟ್ಟುಕೊಂಡು ಹೇಳಿದಳು.

"ನೀ ಮನಿಗೆ ಹೋಗು."

"ಓದು?"

"ಓದು ಹಾಳಾಗ್ಲಿ. ನನ್ನ ಕೈಲೆ ಇನ್ನೊಬ್ಬರನ್ನ ಕಳಕೊಳ್ಳಾಕ ಆಗಂಗಿಲ್ಲ."

ನೀನೂ ಬಾ, ಇಬ್ಬರೂ ಹೋಗೋಣ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. "ನಾ ಊರಿಗೆ ಬಂದ್ರ ಅಬ್ಬಾ ಇಲ್ಲದ್ದು ಖರೇ ಆಗತೈತಿ. ಇಲ್ಲಿದ್ರ, ಅವರು ಇನ್ನೂ ಗಂಗಾವತ್ಯಾಗ ಮಷಿನ್ ಮುಂದ ಕುಂತಾರ."

ನಾನು ಹೊರಟುಬಂದೆ. ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡು ಬಂದಿದ್ದೆ. ಅಪ್ಪ ಕುಕನೂರಿನವರೆಗೆ ಎದುರು ಬಂದು ಬ್ಯಾಗು ಇಸಿದುಕೊಂಡರು. ಯಾಕೆ ಎಂದು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಅನ್ನಿಸಿದ್ದುಂಟು. ಊರಿನವರು ಕೇಳಿದರು. ಸೂಟಿಗೆ ಬಂದೀಯೇನು, ಮತ್ತೆ ಯಾವಾಗ ಹೊರಡುತ್ತೀ. ಕೆಲವು ತಿಂಗಳು ಉತ್ತರ ಹೇಳಿದೆ. ಆಮೇಲೆ ಅವರೇ ಕೇಳುವುದನ್ನು ಬಿಟ್ಟರು, ಅದು ಇನ್ನೂ ಕಷ್ಟವಾಗಿತ್ತು. ಒಮ್ಮೆ ಇಟಗಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಹೊಲದ ಬದುವಿನಲ್ಲಿ ಮೇವಿನ ಬಣವಿಗೆ ಹಳೆಯ ಫ್ಲೆಕ್ಸು ಹೊದಿಸಿದ್ದಾರೆ, ಅದರಲ್ಲಿ ಅರ್ಧ ನಾನು. ಒಂದು ಕಣ್ಣು, ಒಂದು ಕಿವಿಯೋಲೆ, ನಗುತ್ತಿರುವ ಅರ್ಧ ಬಾಯಿ. ಮಳೆಗೆ ಮೇವು ನೆನೆಯದಂತೆ ಕಾಯುತ್ತಿತ್ತು. ನಾನು ಮಾಡಿದ್ದಕ್ಕಿಂತ ಉಪಯುಕ್ತವಾದ ಕೆಲಸ ಎಂದುಕೊಂಡು ನಗಲು ನೋಡಿದೆ. ಪಕ್ಕದ ಸೀಟಿನವರು ಯಾಕವ್ವಾ ಎಂದು ಕೇಳಿದರು, ಹಾಗಾದರೆ ಅದು ನಗು ಆಗಿರಲಿಕ್ಕಿಲ್ಲ.

ಈಗ ಕೊಪ್ಪಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಸ್ಸಿನಲ್ಲಿ ಹೋಗುತ್ತೇನೆ, ಬಸ್ಸಿನಲ್ಲಿ ಬರುತ್ತೇನೆ. ರಜಿಯಾ ಅಲ್ಲೇ ಓದು ಮುಗಿಸಿದಳು, ಪ್ರಯೋಗಾಲಯವೊಂದರಲ್ಲಿ ಕೆಲಸವೂ ಸಿಕ್ಕಿತು. ಊರಿಗೆ ಒಮ್ಮೆಯೂ ಬಂದಿಲ್ಲ. ಮೊದಮೊದಲು ಮಾತಾಡುತ್ತಿದ್ದೆವು. ಬರಬರುತ್ತ ಹಬ್ಬಕ್ಕೊಂದು ಸಂದೇಶಕ್ಕೆ ಇಳಿಯಿತು. ಗಂಗಾವತಿಗೆ ಹೋಗಿ ಅವಳ ಅಮ್ಮನನ್ನು ನೋಡಬೇಕು ಎಂದುಕೊಂಡೇ ವರ್ಷಗಳು ಹೋದವು. ಮಗಳನ್ನು ಅಲ್ಲೇ ಬಿಟ್ಟು ಬಂದವಳು ಯಾವ ಮುಖ ಹೊತ್ತು ಹೋಗಲಿ?

ಮಾಳಿಗೆಯ ಮೇಲೆ ಆ ವಾಸನೆ ಹಿಡಿದು ಕುಳಿತ ವಾರವೇ ರಜೆ ಸಿಕ್ಕಿತು, ಹೋದೆ. ಹಸೀನಾಬಿ ಬಳೆಯ ಸರಗಳ ನಡುವೆ ಕುಳಿತಿದ್ದರು. ಹೆಸರು ಹೇಳುತ್ತಲೇ ಎದ್ದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಹಾ ಮಾಡಿದರು. ಮಗಳು ಏನು ತಿನ್ನುತ್ತಿದ್ದಳು, ಕೋಣೆಗೆ ಬಿಸಿಲು ಬರುತ್ತಿತ್ತೇ ಎಂದೆಲ್ಲ ಕೇಳಿದರು. ಚಹಾದ ಲೋಟ ಬರಿದಾದ ಮೇಲೆ ಅದನ್ನು ಬದಿಗೆ ಸರಿಸಿದರು.

"ಬರಬ್ಯಾಡ ಅಂತ ನಾನ ಅಂದಿದ್ದೆ ಯವ್ವಾ. ಒಂದ ಮಾತು ಕೇಳ್ತೀನಿ, ಖರೇ ಹೇಳು. ಅವತ್ತು ಹೊಟ್ಟಿ ತುಂಬ ಅತ್ತಳೇನು ಆಕಿ?"

ಹೂಂ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ, ಬಾಗಿಲು ಬಡಿದದ್ದು, ಕ್ಷಮೆ ಕೇಳಿದ್ದು, ಮಧ್ಯಾಹ್ನ ಕೆಲಸಕ್ಕೆ ಹೋದದ್ದು. ಅವರು ಮುದುಕಿಯನ್ನು ಬಯ್ಯಲಿಲ್ಲ. "ಆ ಯಮ್ಮಗ ಹೆಂಗ ತಿಳೀಬೇಕು," ಎಂದರು ಅಷ್ಟೇ. ಆಮೇಲೆ ಫೋನು ತೆಗೆದುಕೊಂಡು ನನ್ನ ಎದುರಿಗೇ ಮಗಳಿಗೆ ಹಚ್ಚಿದರು. ರಜಿಯಾಳ ದನಿ ಬಂತು, ಮೊದಲಿಗಿಂತ ತೆಳ್ಳಗಾದ ದನಿ. ಹಸೀನಾಬಿ ಮುನ್ನುಡಿಯಿಲ್ಲದೆ, "ರೋಲೇ ಬೇಟಾ," ಎಂದರು. ಅತ್ತುಬಿಡು ಮಗಳೇ, ನಾನು ಕೇಳುತ್ತೇನೆ, ಯಾರೂ ಬರುವುದಿಲ್ಲ. ಆ ಕಡೆ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು. ಕೊನೆಗೆ ಅವಳು, ಕೆಲಸದಲ್ಲಿದ್ದೇನೆ ಅಮ್ಮೀ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟಳು. ಹಸೀನಾಬಿ ಕತ್ತಲಾದ ಫೋನನ್ನು ಸೆರಗಿನಿಂದ ಒರೆಸಿದರು, ಎರಡು ಸಲ, ಮೂರು ಸಲ.

ಅಂದಿನಿಂದ ಭಾನುವಾರ ಭಾನುವಾರ ನಾನೇ ರಜಿಯಾಳಿಗೆ ಫೋನು ಮಾಡುತ್ತೇನೆ. ನಮ್ಮ ಮಧ್ಯಾಹ್ನ, ಅವಳ ಬೆಳಗ್ಗೆ. ಎರಡು ಮಾತು ಮುಗಿದ ಮೇಲೆ ಆಡಲು ಏನೂ ಉಳಿಯುವುದಿಲ್ಲ. ಆದರೂ ನಾನು ಇಡುವುದಿಲ್ಲ, ಅವಳೂ ಇಡುವುದಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು ಪಾತ್ರೆ ತಿಕ್ಕುತ್ತೇನೆ. ಅವ್ವ ಯಾರನ್ನೋ ಕೂಗುತ್ತಾಳೆ, ಬೀದಿಯಲ್ಲಿ ಕಾಯಿಪಲ್ಲೆಯವರು ಹಾಯುತ್ತಾರೆ. ಆ ಕಡೆ ಅವಳ ಉಸಿರು ಮಾತ್ರ. ಅವಳು ಅತ್ತಿಲ್ಲ. ಅಳುತ್ತಾಳೆ ಎಂಬ ಆಸೆಯನ್ನೂ ನಾನು ಕೈಬಿಡುತ್ತ ಬಂದಿದ್ದೆ.

ಹೋದ ಭಾನುವಾರ ನಾನು ಕೈ ಒರೆಸಿಕೊಳ್ಳುತ್ತಿದ್ದಾಗ ಅವಳು ತಾನಾಗಿಯೇ ಮಾತಾಡಿದಳು. "ಅವತ್ತ ನೆಟ್‌ವರ್ಕ್ ಹೋತು ನೋಡು. ಅಬ್ಬಾನ ಮುಖ ನನಗ ಕಾಣಲಿಲ್ಲ. ಹೆಂಗಿತ್ತು ಅಂತ ಅಮ್ಮೀನ್ನ ಕೇಳಿ ಹೇಳ್ತೀಯೇನು?"

ನೀನೇ ಕೇಳಬಹುದಲ್ಲ ಎಂದೆ.

"ನಾ ಕೇಳಿದ್ರ ಆಕಿ ಅಳತಾಳ," ಎಂದಳು.

ನಾಳೆ ಕಾಲೇಜಿಗೆ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಗಂಗಾವತಿಗೆ ಹೋಗಬೇಕು.